ಹಳಿ ಹೋದ ಮೇಲೂ ಉಳಿದ ದಾರಿ

ರೈಲು ಓಡುವುದು ನಿಂತುಹೋದ ಮೇಲೆ ರೈಲುದಾರಿಯ ಗತಿ ಏನು? ಹಳಿಗಳನ್ನು ಕಿತ್ತು ಹಳೆಯ ಕಬ್ಬಿಣದ ಬೆಲೆಗೆ ಮಾರುತ್ತಾರೆ. ಸ್ಲೀಪರುಗಳನ್ನೂ ತೆಗೆದು ಸಾಗಿಸುತ್ತಾರೆ. ಆದರೆ ಗುಡ್ಡವನ್ನು ಸೀಳಿ ಮಾಡಿದ ಓಣಿ, ತಗ್ಗಿನಲ್ಲಿ ಮಣ್ಣು ತುಂಬಿ ಎಬ್ಬಿಸಿದ ಏರಿ, ಹೊಳೆಗೆ ಕಟ್ಟಿದ ಕಲ್ಲುಕಮಾನಿನ ಸೇತುವೆ, ಬೆಟ್ಟದೊಳಗೆ ಕೊರೆದ ಸುರಂಗ, ಇವನ್ನು ಯಾರೂ ಹೊತ್ತುಕೊಂಡು ಹೋಗಲಾರರು. ಎರಡನೆಯ ಮಹಾಯುದ್ಧದ ನಂತರ ಯೂರೋಪಿನ ದೇಶಗಳಲ್ಲಿ ಲಾರಿ, ಬಸ್ಸು, ಕಾರುಗಳು ಹೆಚ್ಚಿದಂತೆ ಸಣ್ಣ ರೈಲುದಾರಿಗಳು ಒಂದೊಂದಾಗಿ ಮುಚ್ಚಿದವು. ಅಂಥ ಎಷ್ಟೋ ದಾರಿಗಳು ಇಂದು ಸೈಕಲ್ ಸವಾರರ ಮತ್ತು ಪಾದಚಾರಿಗಳ ದಾರಿಗಳಾಗಿ ಮತ್ತೆ ಬಳಕೆಗೆ ಬಂದಿವೆ.

ಅವುಗಳಲ್ಲಿ ಒಂದನ್ನು ಈ ಪಾಠಕ್ಕೆ ನಾವು ಆರಿಸಿಕೊಂಡಿದ್ದೇವೆ. ಅದರ ಹೆಸರು ಫೆನ್‌ಬಾನ್. ಜರ್ಮನ್ ಭಾಷೆಯಲ್ಲಿ 'ಫೆನ್' ಎಂದರೆ ಜೌಗುನೆಲ, 'ಬಾನ್' ಎಂದರೆ ರೈಲುದಾರಿ. ಇದು ಜರ್ಮನಿಯ ಆಖೆನ್ ನಗರದಿಂದ ಹೊರಟು, ಬೆಲ್ಜಿಯಂ ದೇಶದ ಪೂರ್ವದಂಚನ್ನು ಹಾದು, ಲಕ್ಸೆಂಬರ್ಗ್ ದೇಶದ ತ್ರ್ವಾವಿಯೆರ್ಜ್ ಎಂಬ ಊರನ್ನು ಸೇರುತ್ತದೆ. ಉದ್ದ ಸುಮಾರು 125 ಕಿಲೋಮೀಟರು. ನೋಡಲು ಚೆಲುವಾದ ದಾರಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಇದನ್ನೇ ಆರಿಸಲು ಕಾರಣವೆಂದರೆ, ಇದು ನಮ್ಮ ಹಾಗೆಯೇ ಗಡಿಯಲ್ಲಿ ಬಾಳುವ ಜನರ ನಡುವೆ ಹಾದುಹೋಗುತ್ತದೆ. ಗೋಡೆಯ ಮೇಲಿನ ಯೂರೋಪಿನ ಭೂಪಟದಲ್ಲಿ ಈ ಮೂರು ದೇಶಗಳು ಕೂಡುವ ಜಾಗವನ್ನು ಮೊದಲು ಹುಡುಕಿಕೊಳ್ಳಿರಿ.

ರೈಲುದಾರಿ ಸೈಕಲ್ಲಿಗೆ ಏಕೆ ಹೊಂದುತ್ತದೆ?

ರೈಲಿನ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುತ್ತದೆ. ಎರಡೂ ನುಣುಪಾದ್ದರಿಂದ ಘರ್ಷಣೆ ಬಹಳ ಕಡಿಮೆ. ಆದುದರಿಂದಲೇ ಒಂದು ಇಂಜಿನು ನೂರಾರು ಟನ್ನು ಸಾಮಾನನ್ನು ಎಳೆಯಬಲ್ಲದು. ಆದರೆ ಅದೇ ಕಾರಣದಿಂದ ಕಡಿದಾದ ಏರು ಬಂದರೆ ಗಾಲಿಗೆ ಹಿಡಿತ ಸಿಕ್ಕದೆ ನಿಂತಲ್ಲೇ ಜಾರುತ್ತದೆ. ಹೀಗಾಗಿ ರೈಲುದಾರಿ ಕಟ್ಟುವ ಇಂಜಿನಿಯರು ಬೆಟ್ಟವನ್ನು ನೇರವಾಗಿ ಹತ್ತಿಸುವುದಿಲ್ಲ. ಕಣಿವೆಯ ಅಂಚನ್ನು ಹಿಡಿದು, ಸುತ್ತಿ ಬಳಸಿ, ಎತ್ತರವಿದ್ದಲ್ಲಿ ಕಡಿದು, ತಗ್ಗಿದ್ದಲ್ಲಿ ತುಂಬಿ, ನಿಧಾನವಾಗಿ ಮೇಲೆ ಕರೆದೊಯ್ಯುತ್ತಾನೆ.

ಫೆನ್‌ಬಾನಿನ ಏರು ಬಹುಮಟ್ಟಿಗೆ ನೂರಕ್ಕೆ ಎರಡರೊಳಗೇ ಇದೆ. ಎಂದರೆ ನೂರು ಮೀಟರು ಮುಂದೆ ಹೋದರೆ ಎರಡು ಮೀಟರು ಮೇಲೇರುತ್ತೇವೆ. ವಿಜ್ಞಾನದ ತರಗತಿಯಲ್ಲಿ ಕಲಿತ ಇಳಿಜಾರು ಹಲಗೆಯ ಪಾಠವನ್ನು ಇಲ್ಲಿ ನೆನೆಯಿರಿ. 45 ಕಿಲೋ ತೂಕದ ಹುಡುಗನೊಬ್ಬ 15 ಕಿಲೋ ತೂಕದ ಸೈಕಲ್ಲನ್ನು ಏರಿ ಹೊರಟನೆನ್ನೋಣ. ಒಟ್ಟು 60 ಕಿಲೋ. ನೂರಕ್ಕೆ ಹತ್ತರಷ್ಟು ಏರಿರುವ ಘಾಟಿಯಲ್ಲಿ ಅವನನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 6 ಕಿಲೋ ತೂಕದಷ್ಟು. ನೂರಕ್ಕೆ ಎರಡರ ಏರಿನಲ್ಲಿ ಕೇವಲ 1.2 ಕಿಲೋ. ಏರಬೇಕಾದ ಎತ್ತರ ಒಂದೇ ಆಗಿದ್ದರೆ ಆ ಎತ್ತರಕ್ಕಾಗಿ ಮಾಡುವ ಕೆಲಸವೂ ಒಂದೇ. ಆದರೆ ಉದ್ದವಾದ ದಾರಿಯಲ್ಲಿ ಅದು ಹಂಚಿಹೋಗುವುದರಿಂದ ಕಾಲಿಗೆ ಭಾರವೆನಿಸುವುದಿಲ್ಲ. ಬೆಟ್ಟದ ಸೀಮೆಯಲ್ಲಿ ಮಕ್ಕಳೂ ಮುದುಕರೂ ಸೈಕಲ್ಲಿನಲ್ಲಿ ದೂರ ಹೋಗುವುದು ಇದರಿಂದಲೇ ಸಾಧ್ಯವಾಗಿದೆ. ಕಲ್ಲಿದ್ದಲ ಗಾಡಿಗಾಗಿ ಇಂಜಿನಿಯರರು ಪಟ್ಟ ಶ್ರಮದ ಫಲವನ್ನು ಇಂದು ಸೈಕಲ್ ಸವಾರನು ಅನುಭವಿಸುತ್ತಿದ್ದಾನೆ.

ಕಲ್ಲಿದ್ದಲಿಗಾಗಿ ಹುಟ್ಟಿದ ದಾರಿ

ಆಖೆನಿನ ಸುತ್ತಮುತ್ತ ಕಲ್ಲಿದ್ದಲ ಗಣಿಗಳಿದ್ದವು. ದಕ್ಷಿಣಕ್ಕೆ ಲಕ್ಸೆಂಬರ್ಗ್ ಮತ್ತು ಲೊರೇನ್ ಸೀಮೆಗಳಲ್ಲಿ ಕಬ್ಬಿಣದ ಅದಿರು ಇತ್ತು. ಅದಿರನ್ನು ಕರಗಿಸಲು ಕೋಕ್ ಬೇಕು. ಕೋಕ್ ಕಲ್ಲಿದ್ದಲಿನಿಂದ ಆಗುತ್ತದೆ. ಒಂದು ಕಡೆ ಉರುವಲು, ಇನ್ನೊಂದು ಕಡೆ ಅದಿರು, ನಡುವೆ ಬೆಟ್ಟ ಮತ್ತು ಜೌಗು. ಆಗ ಈ ಪ್ರದೇಶದ ಬಹುಭಾಗ ಪ್ರಷ್ಯ ರಾಜ್ಯದ ಆಳ್ವಿಕೆಯಲ್ಲಿತ್ತು. ಪ್ರಷ್ಯದ ಸರಕಾರವು 1885ರಲ್ಲಿ ಆಖೆನಿನಿಂದ ಮೊನ್‌ಶಾವ್ ಊರಿನವರೆಗೆ, ಅದೇ ವರ್ಷದ ಕೊನೆಗೆ ಅಲ್ಲಿಂದ ಮುಂದಕ್ಕೆ ರೈಲು ಓಡಿಸಿತು. 1887ರಲ್ಲಿ ದಾರಿ ಸಾಂಕ್ಟ್ ಫೀಟ್ ಪಟ್ಟಣವನ್ನು ಮುಟ್ಟಿತು. ಆ ದಶಕ ಮುಗಿಯುವ ಹೊತ್ತಿಗೆ ಲಕ್ಸೆಂಬರ್ಗಿನ ತನಕ ಬೆಳೆಯಿತು. ಕೆಳಗಿನಿಂದ ಕಲ್ಲಿದ್ದಲು ಮತ್ತು ಕೋಕ್ ಹೋಗುವುದು, ಮೇಲಿನಿಂದ ಅದಿರು ಬರುವುದು ನಡೆಯಿತು. ಹುಲ್ಲು, ಓಟ್ಸು, ದನಗಳನ್ನೇ ನಂಬಿದ್ದ ಬಡ ಹಳ್ಳಿಗಳಿಗೆ ಸ್ಟೇಷನ್ನುಗಳು ಬಂದವು, ಕೂಲಿ ಕೆಲಸ ಸಿಕ್ಕಿತು.

ಗಡಿ ಸರಿದ ಕಥೆ

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತಿತು. 1919ರ ವರ್ಸೇಲ್ಸ್ ಒಪ್ಪಂದದಂತೆ ಒಯ್ಪೆನ್, ಮಾಲ್ಮೆಡಿ ಮತ್ತು ಸಾಂಕ್ಟ್ ಫೀಟ್ ಪ್ರದೇಶಗಳು ಬೆಲ್ಜಿಯಮ್ಮಿಗೆ ಸೇರಿದವು. ಮಾಲ್ಮೆಡಿಯ ಸುತ್ತ ಫ್ರೆಂಚ್ ಬಲ್ಲ ಜನರಿದ್ದರೂ ಉಳಿದೆಡೆ ಬಹುತೇಕ ಜನ ಜರ್ಮನ್ ಆಡುವವರು. 1920ರಲ್ಲಿ ಜನರ ಅಭಿಪ್ರಾಯ ಕೇಳುವ ಶಾಸ್ತ್ರವೂ ನಡೆಯಿತು. ಆದರೆ ಅದು ಗುಪ್ತ ಮತದಾನವಲ್ಲ. ಬೆಲ್ಜಿಯಂ ಬೇಡವೆನ್ನುವವರು ಅಧಿಕಾರಿಗಳ ಮುಂದೆ ಹೋಗಿ ಪುಸ್ತಕದಲ್ಲಿ ತಮ್ಮ ಹೆಸರು ಬರೆಯಬೇಕಿತ್ತು. ಸುಮಾರು 34,000 ಮತದಾರರಲ್ಲಿ ಹೆಸರು ಬರೆದವರು 271 ಮಂದಿ ಮಾತ್ರ. ಉಳಿದವರು ಒಪ್ಪಿದ್ದರೋ ಅಂಜಿದ್ದರೋ ಎಂಬುದನ್ನು ನೀವೇ ಊಹಿಸಬಹುದು.

ಈಗ ರೈಲುದಾರಿಯ ಪ್ರಶ್ನೆ ಎದ್ದಿತು. ಹೊಸದಾಗಿ ಬೆಲ್ಜಿಯಂ ಸೇರಿದ ಉತ್ತರದ ಒಯ್ಪೆನ್ ಭಾಗವನ್ನೂ ದಕ್ಷಿಣದ ಮಾಲ್ಮೆಡಿ ಭಾಗವನ್ನೂ ಜೋಡಿಸುವ ರೈಲು ಇದೊಂದೇ. ಆದರೆ ನಡುವೆ ಅದು ಜರ್ಮನಿಯಲ್ಲೇ ಉಳಿದ ಊರುಗಳ ಮೂಲಕ ಹಾದುಹೋಗುತ್ತಿತ್ತು. ಗಡಿ ಆಯೋಗವು ರೈಲುದಾರಿಯ ಪಟ್ಟಿಯನ್ನು, ಸ್ಟೇಷನ್ನುಗಳ ಸಮೇತ, ಬೆಲ್ಜಿಯಮ್ಮಿಗೇ ಕೊಟ್ಟಿತು. ಆದ್ದರಿಂದ ಜರ್ಮನಿಯ ಹೊಲಗಳ ನಡುವೆ ಕೆಲವೇ ಮೀಟರು ಅಗಲದ ಬೆಲ್ಜಿಯಂ ನೆಲ ಹಾವಿನಂತೆ ಹರಿಯಿತು. ಅದರ ಪಡುವಣ ಮಗ್ಗುಲಿಗೆ ಸಿಕ್ಕಿಕೊಂಡ ಜರ್ಮನ್ ತುಂಡುಗಳು ಬೆಲ್ಜಿಯಮ್ಮಿನೊಳಗಿನ ದ್ವೀಪಗಳಾದವು. ಇಂಥ ಐದು ದ್ವೀಪಗಳು ಇಂದಿಗೂ ಇವೆ. ಮ್ಯೂಟ್ಸೆನಿಖ್ ಒಂದು ಇಡೀ ಹಳ್ಳಿ. ರ್ಯೂಕ್‌ಶ್ಲಾಗ್ ಎಂಬುದು ಎಲ್ಲಕ್ಕಿಂತ ಚಿಕ್ಕದು. ಒಂದು ಮನೆ ಮತ್ತು ಅದರ ಹಿತ್ತಲು, ಅಷ್ಟೇ.

ಎರಡನೆಯ ಮಹಾಯುದ್ಧದಲ್ಲಿ ಗಡಿ ಮತ್ತೆ ಸರಿಯಿತು. 1940ರಲ್ಲಿ ಹಿಟ್ಲರನ ಜರ್ಮನಿ ಈ ಪ್ರದೇಶವನ್ನು ತನಗೆ ಸೇರಿಸಿಕೊಂಡಿತು. ಇಲ್ಲಿನ ಯುವಕರನ್ನು ಜರ್ಮನ್ ಸೇನೆಗೆ ಎಳೆದೊಯ್ದರು. 1944ರ ಡಿಸೆಂಬರಿನಲ್ಲಿ ಆರ್ಡೆನ್ ಕಾಡುಗಳಲ್ಲಿ ಘೋರ ಕಾಳಗ ನಡೆಯಿತು. ರೈಲು ಜಂಕ್ಷನ್ನಾಗಿದ್ದ ಸಾಂಕ್ಟ್ ಫೀಟ್ ಪಟ್ಟಣವು ಆ ಕ್ರಿಸ್‌ಮಸ್ ಸಮಯದ ಬಾಂಬು ದಾಳಿಯಲ್ಲಿ ಬಹುತೇಕ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಪ್ರದೇಶ ಬೆಲ್ಜಿಯಮ್ಮಿಗೆ ಮರಳಿತು. ಹೀಗೆ ಒಂದೇ ಮನೆಯಲ್ಲಿ, ಕದಲದೆ, ಒಂದೇ ಜೀವಮಾನದಲ್ಲಿ ಮೂರು ಸಲ ದೇಶ ಬದಲಾಯಿಸಿದ ಮುದುಕರು ಅಲ್ಲಿದ್ದರು. ನಮ್ಮಲ್ಲಿ 1956ರ ರಾಜ್ಯ ಪುನರ್ವಿಂಗಡಣೆ ಶಾಂತಿಯಿಂದ, ಒಂದೇ ದೇಶದೊಳಗೆ ನಡೆಯಿತು; ಅದನ್ನು ಇದರೊಡನೆ ಸಮನಾಗಿ ತೂಗಲಾಗದು. ಆದರೂ ಮನೆಯ ಮುಂದಿನ ಗೆರೆ ತನ್ನನ್ನು ಕೇಳದೆ ಬೀಳುವುದೆಂದರೇನು ಎಂಬುದು ಗಡಿನಾಡಿನವರಿಗೆ ಬೇಗ ಅರ್ಥವಾಗುತ್ತದೆ.

ಹುಲ್ಲು ಬೆಳೆದ ಹಳಿ

ಯುದ್ಧದಲ್ಲಿ ಸೇತುವೆಗಳು ಮುರಿದಿದ್ದವು. ದಕ್ಷಿಣ ಭಾಗದಲ್ಲಿ ರೈಲು ಮತ್ತೆ ಮೊದಲಿನಂತೆ ಓಡಲೇ ಇಲ್ಲ. ಉತ್ತರದಲ್ಲಿ ಗೂಡ್ಸ್ ಗಾಡಿಗಳು ಕ್ರಮೇಣ ಕಡಿಮೆಯಾಗಿ 1989ರ ಹೊತ್ತಿಗೆ ನಿಂತವು. 1990ರಿಂದ 2001ರವರೆಗೆ ಪ್ರವಾಸಿಗರಿಗಾಗಿ ಹಳೆಯ ಬೋಗಿಗಳ ರೈಲೊಂದು ಓಡಿತು. ಅದೂ ನಿಂತ ಮೇಲೆ ಹಳಿಗಳ ನಡುವೆ ಹುಲ್ಲು, ಮುಳ್ಳು, ಬರ್ಚ್ ಗಿಡಗಳು ಬೆಳೆದವು. ಮುಂದೆ ಬಹುಪಾಲು ಹಳಿಗಳನ್ನು ಕಿತ್ತು ಜಲ್ಲಿಯ ಮೇಲೆ ಡಾಂಬರು ಹಾಸಿದರು. ಮೂರು ದೇಶಗಳ ಆಡಳಿತಗಳು ಕೂಡಿ ಮಾಡಿದ ಈ ಕೆಲಸ ಮುಗಿದು, 2013ರಲ್ಲಿ ಸೈಕಲ್ ದಾರಿ ಒಂದು ತುದಿಯಿಂದ ಇನ್ನೊಂದು ತುದಿಗೆ ತೆರೆಯಿತು.

ಹಳಿ ಕಿತ್ತ ಮೇಲೆ ಒಂದು ತಮಾಷೆಯ ಪ್ರಶ್ನೆ ಬಂತು. ರೈಲಿಗಾಗಿ ಬೆಲ್ಜಿಯಮ್ಮಿಗೆ ಕೊಟ್ಟ ನೆಲ, ರೈಲೇ ಇಲ್ಲದ ಮೇಲೆ ಜರ್ಮನಿಗೆ ಹಿಂದಿರುಗಬೇಕಲ್ಲವೇ? 2008ರಲ್ಲಿ ಪತ್ರಿಕೆಗಳಲ್ಲಿ ಇದರ ಚರ್ಚೆಯೇ ನಡೆಯಿತು. ಎರಡೂ ದೇಶಗಳ ಸರಕಾರಗಳು, ಗಡಿ ಇದ್ದಂತೆಯೇ ಇರಲಿ ಎಂದವು. ಹೀಗಾಗಿ ಇಂದು ಆ ಭಾಗದಲ್ಲಿ ಸೈಕಲ್ ತುಳಿಯುವವನ ಎಡಬಲಗಳಲ್ಲಿ ಜರ್ಮನಿ, ಗಾಲಿಯ ಕೆಳಗೆ ಮಾತ್ರ ಬೆಲ್ಜಿಯಂ.

ಭೂಪಟದ ಮೇಲೆ ಪಯಣ

ಈಗ ಬೆರಳಿಟ್ಟು ದಾರಿಯನ್ನು ಹಿಂಬಾಲಿಸೋಣ. ಆಖೆನ್ ಬಿಟ್ಟರೆ ಮೊದಲು ಸಿಗುವ ಹಳೆಯ ಊರು ಕೊರ್ನೆಲಿಮ್ಯುನ್‌ಸ್ಟರ್. ಇಲ್ಲಿ ಒಂಬತ್ತನೆಯ ಶತಮಾನದಲ್ಲಿ ಸ್ಥಾಪಿತವಾದ ಕ್ರೈಸ್ತಮಠವಿದೆ. ಇಲ್ಲಿನ ಹೊಳೆಯ ಕಣಿವೆಯನ್ನು ದಾರಿಯು ಎತ್ತರದ ಕಮಾನು ಸೇತುವೆಯ ಮೇಲೆ ದಾಟುತ್ತದೆ. ಮುಂದೆ ಬೆಲ್ಜಿಯಮ್ಮಿನ ರಾರನ್. ಹದಿನಾರನೆಯ ಶತಮಾನದಲ್ಲಿ ಈ ಊರಿನ ಕುಂಬಾರರು ಸುಟ್ಟ ಗಟ್ಟಿ ಹೂಜಿಗಳು ಯೂರೋಪಿನಲ್ಲೆಲ್ಲ ಮಾರಾಟವಾಗುತ್ತಿದ್ದವು. ಬಳಿಕ ಜರ್ಮನಿಯ ರೋಟ್ಗೆನ್, ಲಾಮರ್ಸ್‌ಡೋರ್ಫ್, ಕೋನ್ಸೆನ್ ಊರುಗಳು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಜರ್ಮನಿಯಲ್ಲಿ ಕಾಫಿಯ ಮೇಲೆ ಭಾರಿ ತೆರಿಗೆಯಿತ್ತು. ಬೆಲ್ಜಿಯಮ್ಮಿನಲ್ಲಿ ಕಾಫಿ ಅಗ್ಗ. ರಾತ್ರಿಹೊತ್ತು ಜೌಗುನೆಲದ ಮೇಲೆ ಕಾಫಿಬೀಜದ ಮೂಟೆ ಹೊತ್ತು ಗಡಿ ದಾಟುವವರಿದ್ದರು. ಸುಂಕದವರ ಗುಂಡಿಗೆ ಸತ್ತವರೂ ಇದ್ದರು. 1953ರಲ್ಲಿ ತೆರಿಗೆ ಇಳಿದ ಮೇಲೆ ಆ ಕಳ್ಳಸಾಗಣೆ ತಣ್ಣಗಾಯಿತು.

ದಾರಿ ಏರುತ್ತಾ ಹೋದಂತೆ ಬಲಗಡೆ 'ಹೋಹೆಸ್ ಫೆನ್', ಎಂದರೆ ಎತ್ತರದ ಜೌಗುನೆಲ, ಹರಡಿಕೊಳ್ಳುತ್ತದೆ. ಮಳೆ ಹೆಚ್ಚು, ಚಳಿ ಹೆಚ್ಚು, ನೀರು ಬಸಿದು ಹೋಗದ ನೆಲ. ಇಲ್ಲಿ ಒಂದು ಬಗೆಯ ಪಾಚಿ ಬೆಳೆದು, ಸತ್ತು, ಪೂರ್ತಿ ಕೊಳೆಯದೆ ಪದರದ ಮೇಲೆ ಪದರವಾಗಿ ಸಾವಿರಾರು ವರ್ಷಗಳಿಂದ ಕೂಡಿಬಂದಿದೆ. ಇದನ್ನು ಪೀಟ್ ಎನ್ನುತ್ತಾರೆ. ಹಿಂದೆ ಜನ ಇದನ್ನು ಕಡಿದು ಒಣಗಿಸಿ ಒಲೆಗೆ ಉರಿಸುತ್ತಿದ್ದರು. ಸ್ಪಂಜಿನಂತೆ ನೀರು ಹಿಡಿದಿಡುವ ಈ ನೆಲದಿಂದ ಹಲವು ಹೊಳೆಗಳು ಹುಟ್ಟುತ್ತವೆ. 1957ರಿಂದ ಇದು ರಕ್ಷಿತ ಪ್ರದೇಶ. ಬೆಲ್ಜಿಯಮ್ಮಿನ ಅತಿ ಎತ್ತರದ ಸ್ಥಳ ಬೊತ್ರಾಂಜ್, 694 ಮೀಟರು, ಇಲ್ಲಿಯೇ ಇದೆ.

ಎಡಗಡೆ, ರೂರ್ ಹೊಳೆಯ ಆಳವಾದ ಕಣಿವೆಯಲ್ಲಿ ಮೊನ್‌ಶಾವ್ ಪಟ್ಟಣ. ಹೊಳೆಯ ಮೃದುವಾದ ನೀರಿನಲ್ಲಿ ಉಣ್ಣೆಬಟ್ಟೆ ತೊಳೆದು ಬಣ್ಣ ಹಾಕಿ ಇಲ್ಲಿನ ವರ್ತಕರು ಹದಿನೆಂಟನೆಯ ಶತಮಾನದಲ್ಲಿ ಸಿರಿವಂತರಾದರು. ಮರದ ಚೌಕಟ್ಟಿನ ಅವರ ಮನೆಗಳು ಇನ್ನೂ ನಿಂತಿವೆ. ಸೈಕಲ್ ದಾರಿ ಪಟ್ಟಣದ ಮೇಲಿನ ಎತ್ತರದಲ್ಲೇ ಹೋಗುತ್ತದೆ. ಪಟ್ಟಣ ನೋಡಲು ಇಳಿದವರು ಮತ್ತೆ ಕಡಿದಾದ ರಸ್ತೆಯನ್ನು ಹತ್ತಬೇಕು. ರೈಲಿನ ಏರಿಗೂ ರಸ್ತೆಯ ಏರಿಗೂ ಇರುವ ಅಂತರ ಆಗ ಕಾಲಿಗೇ ತಿಳಿಯುತ್ತದೆ. ಸನಿಹದ ಕಾಲ್ಟರ್‌ಹೆರ್ಬೆರ್ಗ್ ಹಳ್ಳಿಯ ಹೆಸರಿಗೆ 'ಚಳಿಯ ಛತ್ರ' ಎಂಬ ಅರ್ಥ ಬರುತ್ತದೆ. ಪಡುವಣ ಗಾಳಿಯನ್ನು ತಡೆಯಲು ಈ ಕಡೆಯ ಹಳ್ಳಿಗರು ಮನೆಯ ಮುಂದೆ ಬೀಚ್ ಗಿಡಗಳ ಬೇಲಿಯನ್ನು ಸೂರಿನೆತ್ತರಕ್ಕೆ ಬೆಳೆಸುತ್ತಾರೆ.

ಮುಂದೆ ಸೂರ್‌ಬ್ರೊ ಬಳಿ ದಾರಿ 550 ಮೀಟರಿಗೂ ಮೇಲೆ ತಲುಪುತ್ತದೆ. ಅಲ್ಲಿಂದ ಇಳಿದರೆ ಫ್ರೆಂಚ್ ಮಾತಿನ ವೇಮ್. ಇನ್ನೂ ಮುಂದೆ ಮತ್ತೆ ಜರ್ಮನ್ ಮಾತಿನ ಸಾಂಕ್ಟ್ ಫೀಟ್. ಕೊನೆಯ ಭಾಗ ಒಂದು ಹೊಳೆಯ ಕಣಿವೆಯಲ್ಲಿ. ಆ ಹೊಳೆಯ ಹೆಸರು ನಮ್ಮ ಕಿವಿಗೆ 'ಊರ್' ಎಂದೇ ಕೇಳುತ್ತದೆ. ಹುಲ್ಲುಗಾವಲು, ಕಾಡು, ರಾಯ್‌ಲಾಂಡ್ ಕೋಟೆಯ ಅವಶೇಷ, ಇವನ್ನು ದಾಟಿ ಲಕ್ಸೆಂಬರ್ಗಿನ ಗಡಿ. ಅಲ್ಲಿನ ಹಳೆಯ ಸುರಂಗದಲ್ಲಿ ಬಾವಲಿಗಳು ಚಳಿಗಾಲ ಕಳೆಯುವುದರಿಂದ ಅದನ್ನು ಅವುಗಳಿಗೇ ಬಿಟ್ಟು, ಸೈಕಲ್ ದಾರಿಯನ್ನು ಗುಡ್ಡದ ಮೇಲಿನಿಂದ ಒಯ್ದಿದ್ದಾರೆ.

ದಾರಿ ಮುಗಿಯುವ ತ್ರ್ವಾವಿಯೆರ್ಜ್ ಊರಿನ ಸ್ಟೇಷನ್ನಿಗೆ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. 1914ರ ಆಗಸ್ಟ್ 1ರ ಸಂಜೆ ಜರ್ಮನ್ ಸೈನಿಕರ ಸಣ್ಣ ತುಕಡಿಯೊಂದು ಗಡಿ ದಾಟಿ ಬಂದು ಈ ಸ್ಟೇಷನ್ನನ್ನು ಹಿಡಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಪಶ್ಚಿಮದ ಕಡೆ ಗಡಿ ಮುರಿದ ಮೊದಲ ಘಟನೆಗಳಲ್ಲಿ ಇದೊಂದು. ಇಂದು ಅದೇ ಸ್ಟೇಷನ್ನಿನಲ್ಲಿ ಸವಾರರು ಸೈಕಲ್ಲನ್ನು ರೈಲಿಗೇರಿಸಿ ಊರಿಗೆ ಮರಳುತ್ತಾರೆ. 1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಹಳ್ಳಿಯಲ್ಲಿ ಒಪ್ಪಂದವಾಗಿ, 1995ರಿಂದ ಈ ದೇಶಗಳ ನಡುವಿನ ಗಡಿಯಲ್ಲಿ ನಿತ್ಯದ ತಪಾಸಣೆ ಎದ್ದುಹೋಯಿತು. ಗಡಿಕಲ್ಲುಗಳು ಮಾತ್ರ ದಾರಿಯ ಬದಿಯಲ್ಲಿ ಹಾಗೆಯೇ ಇವೆ.

ಆ ಜನರ ಭಾಷೆ

ಬೆಲ್ಜಿಯಮ್ಮಿಗೆ ಸೇರಿದ ಜರ್ಮನ್ ಮಾತಿನ ಜನ ಈಗ ಹೇಗಿದ್ದಾರೆ? ಅವರ ಸಂಖ್ಯೆ 80,000ದಷ್ಟು. ಒಂಬತ್ತು ಸ್ಥಳೀಯ ಆಡಳಿತಗಳಲ್ಲಿ ಹಂಚಿದ್ದಾರೆ. 1963ರ ಕಾನೂನು ಅವರ ಭಾಷಾ ಪ್ರದೇಶವನ್ನು ಗುರುತಿಸಿತು. 1973ರಲ್ಲಿ ಅವರಿಗೆ ತಮ್ಮದೇ ಸಭೆ ದೊರೆಯಿತು. ಇಂದು ಒಯ್ಪೆನ್ ಪಟ್ಟಣದಲ್ಲಿ 25 ಸದಸ್ಯರ ಶಾಸನಸಭೆಯಿದೆ. ಶಿಕ್ಷಣದ ಅಧಿಕಾರ ಅದರ ಕೈಯಲ್ಲಿದೆ. ಮಕ್ಕಳು ಜರ್ಮನ್ ಮಾಧ್ಯಮದಲ್ಲಿ ಓದುತ್ತಾರೆ. ಜೊತೆಗೆ ಫ್ರೆಂಚನ್ನು ಎಳೆಯ ವಯಸ್ಸಿನಿಂದಲೇ ಕಲಿಯುತ್ತಾರೆ. ಅವರು ಬೆಲ್ಜಿಯಮ್ಮಿನ ನಿಷ್ಠಾವಂತ ಪ್ರಜೆಗಳು, ಮಾತು ಮಾತ್ರ ಜರ್ಮನ್. ಇವೆರಡಕ್ಕೂ ಅಲ್ಲಿ ಈಗ ಜಗಳವಿಲ್ಲ.

ನಮ್ಮ ಹೊಸೂರು ಸೀಮೆಯಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಕನ್ನಡ ಶಾಲೆಗೆ ಹಾಕಿದರೆ ಮಗುವಿನ ಮುಂದಿನ ದಾರಿ ಮುಚ್ಚಿಹೋದೀತೇ ಎಂದು ಪೋಷಕರು ನಮ್ಮನ್ನು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಒಯ್ಪೆನಿನವರಿಗೆ ಇರುವ ಅಧಿಕಾರ ನಮಗಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ನಮ್ಮ ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆದರೆ ಕಲಿಯುವ ಮಕ್ಕಳು ಬಾರದಿದ್ದರೆ ವಿಧಿಯೊಂದೇ ಶಾಲೆಯನ್ನು ಉಳಿಸಲಾರದು. ಅವರಿಂದ ನಾವು ಕಲಿಯಬಹುದಾದದ್ದು ಇಷ್ಟು: ಮನೆಮಾತಿನಲ್ಲಿ ಗಟ್ಟಿಯಾಗಿ ಕಲಿಯುವುದೂ, ರಾಜ್ಯದ ಭಾಷೆಯನ್ನು ಚೆನ್ನಾಗಿ ಕಲಿಯುವುದೂ ಒಂದಕ್ಕೊಂದು ಅಡ್ಡಿಯಲ್ಲ. ಕನ್ನಡದ ಮೇಲಿನ ಅಭಿಮಾನದಿಂದ ತಮಿಳನ್ನು ಅಸಡ್ಡೆ ಮಾಡುವ ವಿದ್ಯಾರ್ಥಿಯೂ, ತಮಿಳು ಇಂಗ್ಲಿಷು ಸಾಕೆಂದು ಕನ್ನಡವನ್ನು ಬಿಡುವ ವಿದ್ಯಾರ್ಥಿಯೂ ತಮ್ಮ ದಾರಿಯನ್ನು ತಾವೇ ಕಡಿದಾಗಿ ಮಾಡಿಕೊಳ್ಳುತ್ತಾರೆ. ಎಳೆಯ ವಯಸ್ಸಿನಿಂದ ಸ್ವಲ್ಪ ಸ್ವಲ್ಪವಾಗಿ ಕಲಿತರೆ ಎರಡು ಮೂರು ಭಾಷೆಗಳು ಮಗುವಿಗೆ ಭಾರವಾಗುವುದಿಲ್ಲ.

ನಮ್ಮೂರಿನ ಹಳೆಯ ರೈಲು

ಹಳಿ ಹೋದ ದಾರಿ ನೋಡಲು ಯೂರೋಪಿಗೇ ಹೋಗಬೇಕಾಗಿಲ್ಲ. ಇಂದು ಹೊಸೂರಿನ ಮೂಲಕ ಸೇಲಂಗೂ ಬೆಂಗಳೂರಿಗೂ ಓಡುವ ರೈಲಿಗಿಂತ ಮೊದಲು ಇಲ್ಲಿ ಇನ್ನೊಂದು ರೈಲಿತ್ತು. ಬರಗಾಲದಲ್ಲಿ ದವಸ ಸಾಗಿಸಲು ಅನುಕೂಲವಾಗಲೆಂದು, ಮೊರಪ್ಪೂರಿನಿಂದ ಧರ್ಮಪುರಿಗೆ ಬಂದಿದ್ದ ಎರಡೂವರೆ ಅಡಿ ಗೇಜಿನ ಚಿಕ್ಕ ರೈಲನ್ನು 1913ರಲ್ಲಿ ಹೊಸೂರಿನವರೆಗೆ ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ನಿಂತುಹೋಯಿತು. ಸ್ವಾತಂತ್ರ್ಯಾನಂತರ ಮೀಟರ್ ಗೇಜ್ ಬಂತು. ಈಗ ಅದೂ ಹೋಗಿ ಬ್ರಾಡ್ ಗೇಜ್ ಆಗಿದೆ. ಆ ಚಿಕ್ಕ ರೈಲನ್ನು ಕಣ್ಣಾರೆ ಕಂಡವರು ಇಂದು ಸಿಗುವುದು ಕಷ್ಟ. ಆದರೆ ಅಜ್ಜ ಅಜ್ಜಿಯರಿಂದ ಕೇಳಿದ ಮಾತನ್ನು ನೆನಪಿಟ್ಟುಕೊಂಡ ಹಿರಿಯರು ನಿಮ್ಮ ಮನೆಗಳಲ್ಲಿ ಇದ್ದಾರು. ಅವರನ್ನು ಕೇಳಿ ಬರೆದಿಡಿರಿ. ಬರೆದಿಡದಿದ್ದರೆ ಹಳಿಯ ಹಿಂದೆಯೇ ನೆನಪೂ ಹೋಗುತ್ತದೆ.

ಅಭ್ಯಾಸ

1. ಫೆನ್‌ಬಾನ್ ಹಾದುಹೋಗುವ ಮೂರು ದೇಶಗಳ ನಕ್ಷೆ ಬರೆದು ಆಖೆನ್, ಮೊನ್‌ಶಾವ್, ಸಾಂಕ್ಟ್ ಫೀಟ್ ಊರುಗಳನ್ನು ಗುರುತಿಸಿರಿ.

2. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹೋದರೆ 125 ಕಿಲೋಮೀಟರ್ ದಾರಿಗೆ ಎಷ್ಟು ಹೊತ್ತು ಬೇಕು? ದಿನಕ್ಕೆ ನಾಲ್ಕು ಗಂಟೆ ಮಾತ್ರ ತುಳಿದರೆ ಎಷ್ಟನೆಯ ದಿನ ತಲುಪುವಿರಿ?

3. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಅತಿ ಕಡಿದಾದ ಏರು ಯಾವುದು? ಅಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಬೇಕಾಗುವುದಕ್ಕೆ ಕಾರಣವನ್ನು ವಿವರಿಸಿರಿ.

4. 1920ರಲ್ಲಿ ಅಭಿಪ್ರಾಯ ಕೇಳಿದ ರೀತಿಗೂ ನಮ್ಮ ಚುನಾವಣೆಯ ಗುಪ್ತ ಮತದಾನಕ್ಕೂ ಇರುವ ವ್ಯತ್ಯಾಸವೇನು?

5. ಧರ್ಮಪುರಿ–ಹೊಸೂರು ಚಿಕ್ಕ ರೈಲಿನ ಬಗ್ಗೆ ಮನೆಯ ಹಿರಿಯರಿಂದ ಕೇಳಿದ್ದನ್ನು ಒಂದು ಪುಟದಲ್ಲಿ ಬರೆದು ತನ್ನಿರಿ. ಮನೆಯವರು ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದರೆ ಅದನ್ನು ಕನ್ನಡಕ್ಕೆ ತಂದು ಬರೆಯಿರಿ. ಚೆನ್ನಾಗಿರುವುದನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.